ಹಾಡಿಗೆ ಮುಂಚಿನ ಅರ್ಧ ನಿಮಿಷ

ನಾನು ಒಂದು ಕ್ಯಾಸೆಟ್. ಕಾರ್ಖಾನೆಯಲ್ಲಿ ಹುಟ್ಟಿದಾಗ ನನ್ನಂಥವರು ಸಾವಿರಾರು, ಎಲ್ಲರೂ ಹುಟ್ಟುಮೂಗರು. ನನಗೆ ಬಾಯಿ ಕೊಟ್ಟವಳು ಮೈಸೂರಿನ ವನಮಾಲಾ.

ಆಗಿನ್ನೂ ಅವಳು ಪಾಪ್ ಗಾಯಕಿ ಎನಿಸಿಕೊಂಡಿರಲಿಲ್ಲ. ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಗಂಡ ಸೋಮನಾಥ ಕೀಬೋರ್ಡ್ ನುಡಿಸುವವನು. ಅವನು ಕಟ್ಟಿದ ಹೊಸ ಹಾಡನ್ನು ಕಂಪನಿಯವರಿಗೆ ಕೇಳಿಸಬೇಕಿತ್ತು. ಹೊರಗಿನ ಸದ್ದು ಬಾರದಂತೆ ಬಾಗಿಲಿಗೆ ಹಾಸಿಗೆ ಒರಗಿಸಿ, ನನ್ನನ್ನು ಒಳಗೆ ಹಾಕಿ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದರು. ಹಾಡುವ ಮೊದಲು ಅವಳು ಮಾತಾಡಿದಳು: "ತಾಳ್ರೀ, ಸಾರು ಇಳಿಸಿ ಬಂದ್ಬಿಡ್ತೀನಿ. ಹೊಟ್ಟೇಲಿರೋದು ಬೇರೆ ಒದೀತಿದೆ, ಅದಕ್ಕೂ ತಾಳ ಗೊತ್ತಾಗಿದೆ." ಆಮೇಲೆ ನಕ್ಕಳು. ನಿಜ ಹೇಳಬೇಕೆಂದರೆ ನನಗೆ ಹಾಡಿಗಿಂತ ಆ ನಗುವೇ ಇಷ್ಟ.

ಕಂಪನಿಯವರು ಅವಳದೊಂದು ಆಲ್ಬಮ್ ತಂದರು, ಆ ಹಾಡನ್ನು ಮಾತ್ರ ಎರಡನೇ ಬದಿಯ ಕೊನೆಗೆ ತಳ್ಳಿದರು. ಬೇರೆ ಹಾಡುಗಳು ಬಸ್ಸು, ಬೇಕರಿಗಳಲ್ಲೆಲ್ಲ ಮೊಳಗಿದವು. ಇದನ್ನು ಕೇಳಿದವರು ಕಡಿಮೆ. ನಾನು ಬೀರುವಿನ ಸೀರೆಗಳ ಅಡಿ ಸೇರಿದೆ. ಮಗಳು ಪಲ್ಲವಿಗೆ ವರ್ಷ ತುಂಬುವ ಮೊದಲೇ ವನಮಾಲಾಳ ಗಂಟಲಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಅಂದಿನಿಂದ ಏನು ಹೇಳಬೇಕಾದರೂ ಅವಳಿಗೆ ಸ್ಲೇಟೇ ಗತಿ.

ಅಮ್ಮನ ಹಾಡುಗಳು ಪಲ್ಲವಿಗೆ ಬಾಯಿಪಾಠ. ಅಮ್ಮ ಮಾತಾಡಿದ್ದನ್ನು ಮಾತ್ರ ಕೇಳಿದ ನೆನಪೇ ಇಲ್ಲ. ಸೋಮನಾಥ ಸಾಯುವ ಮುನ್ನ ನನ್ನ ಗುಟ್ಟು ಬಿಟ್ಟುಕೊಟ್ಟ: "ಮನೇಲೇ ರೆಕಾರ್ಡ್ ಮಾಡಿದ್ದ ಹಳೇ ಕ್ಯಾಸೆಟ್ ಒಂದಿದೆ. ಹಾಡಿಗೆ ಮುಂಚೆ ನಿಮ್ಮಮ್ಮ ಏನೋ ಮಾತಾಡಿದಾಳೆ ಪುಟ್ಟಿ, ಹುಡುಕು." ಪಲ್ಲವಿ ಹುಚ್ಚು ಹಿಡಿದವಳಂತೆ ಮನೆಯೆಲ್ಲ ಜಾಲಾಡಿದಳು. ಸಿಕ್ಕಾಗ ನನ್ನನ್ನು ಎದೆಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು, ಇಪ್ಪತ್ತೆಂಟು ವರ್ಷದ ಹೆಣ್ಣು.

ನನ್ನ ಸುರುಳಿಗೆ ಬೂಷ್ಟು ಹಿಡಿದಿತ್ತು. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವ ಪುಟ್ಟರಾಜು ನನ್ನನ್ನು ತಿರುಗಿಸಿ ನೋಡಿ, ಒಂದು ಸಲ ಓಡಿದರೆ ಹೆಚ್ಚು ಎಂದರು. ಅಮ್ಮನ ಮಾತನ್ನು ಅಮ್ಮನ ಪಕ್ಕದಲ್ಲೇ ಕೂತು ಕೇಳಬೇಕು ಎಂದು ಪಲ್ಲವಿಯ ಆಸೆ. ಪರರು ಅದಕ್ಕೆ ಮೊದಲೇ ಕಿವಿಗೊಡುವುದು ಬೇಡವೆಂದು ಅವರೆದುರು ಆ ವಿಷಯ ಎತ್ತಲಿಲ್ಲ. ಚೆನ್ನಾಗಿ ಏರಿಸಿಕೊಡಿ ಎಂದಷ್ಟೇ ಹೇಳಿ ಹೊರಗೆ ಕೂತಳು.

ಪುಟ್ಟರಾಜು ಕೆಲಸದಲ್ಲಿ ಅಚ್ಚುಕಟ್ಟು. ಮುಂಚಿನ ಕೆಮ್ಮು, ಗದ್ದಲ ಬಿಟ್ಟು, ಸಂಗೀತ ಶುರುವಾದ ಮೇಲೆಯೇ ರೆಕಾರ್ಡಿಂಗ್ ಗುಂಡಿ ಒತ್ತುವುದು ಅವರ ಮೂವತ್ತು ವರ್ಷದ ರೂಢಿ. ನಾನು ಮಾತಾಡಿದೆ, ನಕ್ಕೆ. ಒತ್ತಪ್ಪಾ, ಈಗಲಾದರೂ ಒತ್ತು ಎಂದು ಒಳಗೇ ಗೋಗರೆದೆ. ಅವರು ಹಾಡಿಗೆ ಕಾಯುತ್ತಿದ್ದರು.

"ಶುರುನಲ್ಲಿ ಏನೋ ಅಡುಗೆ ಮಾತು ಕಣಮ್ಮ, ಬಿಟ್ಬಿಟ್ಟೆ," ಎಂದರು ಆಮೇಲೆ, ಹೆಮ್ಮೆಯಿಂದಲೇ. "ಹಾಡು ಒಂಚೂರೂ ಹೋಗಿಲ್ಲ."

ಪಲ್ಲವಿ ಅವರ ಕಾಲು ಹಿಡಿಯುವುದೊಂದು ಬಾಕಿ. ಪಾಪ, ಅವರೂ ನನ್ನನ್ನು ಮತ್ತೆ ಹಾಕಿದರು. ನಾನು ಗರಗರ ಎಂದೆ, ತುಂಡಾದೆ. ಲೇಪವೆಲ್ಲ ಕಂದು ಪುಡಿಯಾಗಿ ಉದುರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ನಾನು ಷೋಕೇಸಿನ ಮೂಲೆಯಲ್ಲಿ ಕೆಲಸಕ್ಕೆ ಬಾರದೆ ಬಿದ್ದಿದ್ದೇನೆ. ಮೊನ್ನೆ ಪಲ್ಲವಿ ಅಮ್ಮನ ಮುಂದೆ ಕುಸಿದು ಕೂತು, "ಹೇಗಿತ್ತಮ್ಮ ನೀನು ಮಾತಾಡೋದು? ಅದೊಂದು ಹೇಳು," ಎಂದಳು. ವನಮಾಲಾ ಸ್ಲೇಟು ಎತ್ತಿಕೊಂಡು ಬರೆದಳು: ನಿನ್ನ ಥರಾನೇ.

ಪಲ್ಲವಿ ನಂಬಿದಳು. ಈಚೆಗೆ ಒಬ್ಬಳೇ ಇರುವಾಗ ಮೆಲ್ಲಗೆ ಮಾತಾಡುತ್ತಾಳೆ, ನಿಲ್ಲಿಸಿ ಕಿವಿಗೊಡುತ್ತಾಳೆ. ಅವಳ ದನಿ ಅಪ್ಪನದು, ತಗ್ಗು, ಒರಟು. ಅದು ಗೊತ್ತಿರುವುದು ಅವಳ ಅಮ್ಮನಿಗೆ ಮತ್ತು ನನಗೆ.