ಸಾವಿರದೊಂದು ರೊಟ್ಟಿಯ ಹಾರ

ಹಿರೇಕೊಪ್ಪದಲ್ಲಿ ಚಂಬಣ್ಣ ಉಳ್ಳಾಗಡ್ಡಿಯ ಮುಖದಷ್ಟು ಜನೋಪಯೋಗಿ ಮುಖ ಇನ್ನೊಂದಿರಲಿಲ್ಲ. ನೆಲಜನ ಪಕ್ಷದ ಸಭೆ ಮುಗಿದ ಮಾರನೆಯ ದಿನ ಅವನ ಅಕ್ಕ ಹೊಳೆವ್ವ ಫ್ಲೆಕ್ಸುಗಳನ್ನೆಲ್ಲ ಬಿಚ್ಚಿಸಿ ತಂದು ಮಾಳಿಗೆಯ ಮೇಲೆ ಹಾಸಿ, ಅವುಗಳ ಮೇಲೆ ಜೋಳದ ಕಡಕ್ ರೊಟ್ಟಿ ಒಣಗಿಸುತ್ತಿದ್ದಳು. ಕೈ ಮುಗಿದ ಚಂಬಣ್ಣ, ಬೆರಳೆತ್ತಿದ ಚಂಬಣ್ಣ, ಮೊಬೈಲು ಕಿವಿಗಿಟ್ಟುಕೊಂಡು ಎಲ್ಲೋ ದೂರ ನೋಡುತ್ತಿರುವ ಚಂಬಣ್ಣ, ಎಲ್ಲರ ಮೂಗಿನ ಮೇಲೂ ಒಂದೊಂದು ರೊಟ್ಟಿ. ಊರಿನ ಅರ್ಧ ಖಾನಾವಳಿಗಳು ಆ ರೊಟ್ಟಿಯ ಮೇಲೆಯೇ ನಡೆಯುತ್ತಿದ್ದವು.

ಗಂಡ ತೀರಿದ ಮೇಲೆ ತವರಿಗೆ ಬಂದ ಹೊಳೆವ್ವ ರೊಟ್ಟಿ ಬಡಿದೇ ತಮ್ಮನನ್ನು ಓದಿಸಿದ್ದಳು. ತಮ್ಮ ಓದಿ ಪಕ್ಷ ಸೇರಿದ. ಇಪ್ಪತ್ತೆರಡು ವರ್ಷ ಕುರ್ಚಿ ಹಾಕಿಸಿದ, ವೇದಿಕೆ ಕಟ್ಟಿಸಿದ, ಜೈ ಕೂಗಿ ಕೂಗಿ ಗಂಟಲನ್ನು ಹಳೆಯ ಟ್ರ್ಯಾಕ್ಟರಿನಂತೆ ಮಾಡಿಕೊಂಡ. ಟಿಕೆಟ್ ಮಾತ್ರ ಪ್ರತಿ ಸಲವೂ ಅವನ ಕೈ ತಪ್ಪಿ, ಅವನಿಗಿಂತ ದೊಡ್ಡ ಕಾರು ಇದ್ದವರ ಬಾಗಿಲಿಗೆ ಹೋಗುತ್ತಿತ್ತು. ಈಗ ಅವನಿಗೆ ಐವತ್ತೊಂದು. ಈ ಸಲ ಸಿಗದಿದ್ದರೆ ಇನ್ನು ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಪಕ್ಷದ ಅಧ್ಯಕ್ಷ ಜಾಗೀರದಾರ ಸಾಹೇಬರು ಈ ಸಲ ಒಂದು ಮಾತು ಹೇಳಿದ್ದರು. ಟಿಕೆಟ್ ಕೇಳುವವರು ಇಬ್ಬರು. ಒಬ್ಬ ಚಂಬಣ್ಣ, ಇನ್ನೊಬ್ಬ ಮಾಳಗಟ್ಟಿಯ ಬಟ್ಟೆ ಅಂಗಡಿಯ ಪಂಪಣ್ಣ. ಒಂದೇ ದಿನ ಇಬ್ಬರ ಸಭೆಗೂ ಬರುತ್ತೇನೆ. ಮುಂಜಾನೆ ಮಾಳಗಟ್ಟಿ, ಮಧ್ಯಾಹ್ನ ಹಿರೇಕೊಪ್ಪ. "ಜನ ಎಲ್ಲೆ ಕುಂತಿರ್ತಾರೋ ಟಿಕೆಟ್ ಅಲ್ಲೆ. ವೇದಿಕೆ ಮ್ಯಾಲಿಂದನ ಹೆಸರು ಹೇಳಿ ಹೊಕ್ಕೀನಿ" ಅಂದಿದ್ದರು.

ಪಂಪಣ್ಣ ಐದು ಕ್ವಿಂಟಲ್ ಸೇಬಿನ ಹಾರ ಮಾಡಿಸಿ ಕ್ರೇನಿನಲ್ಲಿ ಎತ್ತಿಸುತ್ತಾನಂತೆ ಎಂಬ ಸುದ್ದಿ ಬಂದ ದಿನ ಚಂಬಣ್ಣನಿಗೆ ಅನ್ನ ಇಳಿಯಲಿಲ್ಲ. ಸೇಬಿಗೆ ಪ್ರತಿಯಾಗಿ ಏನು? ಮೋಸಂಬಿ ಹಳೆಯದಾಯಿತು, ಕೊಬ್ಬರಿ ಹಳೆಯದಾಯಿತು. ಒಣಮೆಣಸಿನಕಾಯಿ ಹಾರ ಹಾಕಿದ ಒಬ್ಬರ ಸಭೆಯಲ್ಲಿ ಹಿಂದೊಮ್ಮೆ ವೇದಿಕೆಗೆ ವೇದಿಕೆಯೇ ಸೀನಿದ್ದನ್ನು ಅವನೇ ಕಣ್ಣಾರೆ ನೋಡಿದ್ದ. ಹಾಗೆ ಯೋಚಿಸುತ್ತ ಮಾಳಿಗೆ ಹತ್ತಿದವನು ತನ್ನ ಮೂಗಿನ ಮೇಲಿದ್ದ ರೊಟ್ಟಿಯನ್ನು ನೋಡಿದ.

"ಅಕ್ಕಾ, ಸಾವಿರದೊಂದು ರೊಟ್ಟಿ ಪೋಣಿಸಾಕ ಬರ್ತದೇನು?"

"ರೊಟ್ಟಿ ತಿನ್ನಾಕ ಮಾಡ್ತಾರೋ, ಕೊಳ್ಳಾಗ ಹಾಕ್ಕೊಳ್ಳಾಕ ಮಾಡ್ತಾರೋ?"

"ನನ್ನ ಟಿಕೆಟ್ ಸಲುವಾಗಿ ಅಕ್ಕಾ."

ತಮ್ಮನ ಟಿಕೆಟ್ ಅಂದರೆ ಹೊಳೆವ್ವ ಹಿಟ್ಟಿನ ಡಬ್ಬಿ ತೆಗೆಯುವವಳೇ. "ಹಸೀ ಇದ್ದಾಗ ತೂತು ಹಾಕಬೇಕಾಗ್ತದ. ಮಾಡೋಣ. ಆದ್ರ ಒಂದು ಮಾತು. ಬಂದ ಜನಕ್ಕ ಮೊದ್ಲ ಊಟ ಹಾಕು. ಭಾಷಣ ಆಮ್ಯಾಲ."

"ಅದೊಂದು ಬಿಟ್ಟು ಹೇಳು. ಉಂಡವ ನಿಲ್ಲೂದಿಲ್ಲಕ್ಕಾ. ಇಪ್ಪತ್ತೆರಡು ವರ್ಸದಾಗ ನಾ ಕಲತದ್ದು ಅದೊಂದ."

"ನಿಮ್ಮ ಭಾಷಣ ಊಟಕ್ಕಿಲ್ಲದ ಉಪ್ಪಿನಕಾಯಿ" ಎಂದು ಬೈದು ಹೊಳೆವ್ವ ಹಿಟ್ಟು ನಾದಲು ಹೋದಳು. ಅವಳ ಕೈಕೆಳಗಿನ ಹದಿನೆಂಟು ಹೆಂಗಸರು ನಾಲ್ಕು ದಿನ ಬಡಿದರು. ಓಣಿಯೆಲ್ಲ ಡೊಳ್ಳಿನ ಮೇಳ ಬಂದ ಹಾಗಿತ್ತು.

ಸಭೆಯ ದಿನ ಹತ್ತು ಗಂಟೆಗೆ ಎಪಿಎಂಸಿ ಬಯಲು ತುಂಬಿತು. ಟ್ರ್ಯಾಕ್ಟರುಗಳು ಜನರನ್ನು ತಂದು ಸುರಿದವು. ವೇದಿಕೆಯ ಪಕ್ಕ ಕ್ರೇನು, ಕ್ರೇನಿನ ಕೊಕ್ಕೆಯಲ್ಲಿ ಹಾರ. ಮೂವತ್ತು ಅಡಿ ಉದ್ದಕ್ಕೆ ಜೋತುಬಿದ್ದ ರೊಟ್ಟಿಗಳು ಗಾಳಿ ಬಂದಾಗಲೆಲ್ಲ ಕಟಕಟ ಸದ್ದು ಮಾಡುತ್ತಿದ್ದವು. ಪಲಾವಿನ ಕೊಪ್ಪರಿಗೆಗಳು ಹಿಂದಿನ ಗೋದಾಮಿನಲ್ಲಿದ್ದವು. ಗೋದಾಮಿಗೆ ಬೀಗ ಬಿದ್ದಿತ್ತು. ಬೀಗದ ಕೈ ಚಂಬಣ್ಣನ ಉಡದಾರದಲ್ಲಿತ್ತು. ಜೇಬಿನಲ್ಲಿಟ್ಟರೆ ಕಾರ್ಯಕರ್ತರೇ ಕದಿಯುತ್ತಾರೆಂಬುದೂ ಅವನ ಇಪ್ಪತ್ತೆರಡು ವರ್ಷದ ಕಲಿಕೆ.

ಹನ್ನೊಂದಕ್ಕೆ ಫೋನು ಮಾಡಿದ. "ಇನ್ನ ಅರ್ಧಾ ತಾಸಿನ್ಯಾಗ ಬಿಡ್ತೀವಿ" ಅಂದರು ಸಾಹೇಬರ ಕಡೆಯವರು. ಹನ್ನೆರಡಕ್ಕೂ ಅರ್ಧ ತಾಸು. ಒಂದೂವರೆಗೂ ಅರ್ಧ ತಾಸು. ಪಂಪಣ್ಣ ಸಾಹೇಬರನ್ನು ಬೇಕೆಂದೇ ತಡೆದಿಟ್ಟಿದ್ದಾನೆ ಎಂದು ಚಂಬಣ್ಣನಿಗೆ ಅರ್ಥವಾಯಿತು. ಅರ್ಥವಾಗಿ ಮಾಡುವುದೇನು? ನೆತ್ತಿಯ ಮೇಲೆ ಸೂರ್ಯ, ಗೋದಾಮಿನ ಕಿಟಕಿಯಿಂದ ಪಲಾವಿನ ವಾಸನೆ, ಕಣ್ಣೆದುರು ರೊಟ್ಟಿ. ಚಂಬಣ್ಣ ಮೈಕು ಹಿಡಿದು ಪಕ್ಷದ ಪ್ರಣಾಳಿಕೆಯನ್ನು ಮೂರನೆಯ ಸಲ ಓದಿದ.

ಮುಂದಿನ ಸಾಲಿನಲ್ಲಿ ಕುಳಿತ ದುರಗವ್ವಜ್ಜಿ ಹಾರವನ್ನೇ ನೋಡುತ್ತಿದ್ದಳು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವ ಅಂತಿದ್ರು ನಮ್ಮ ಹಿರ್‍ಯಾರು. ಇವರು ಹಿಟ್ಟನ್ನ ಒಯ್ದು ಜುಟ್ಟಿಗೆ ಕಟ್ಯಾರ ನೋಡು" ಎಂದು ಗಟ್ಟಿಯಾಗಿಯೇ ಹೇಳಿದಳು.

ಆಗ ಬಿಸಿಗಾಳಿ ಒಂದು ಸುತ್ತು ಬಂತು. ಕೆಳಗಿನ ರೊಟ್ಟಿ ಮುರಿದು ಹಲ್ಲಿಲ್ಲದ ಗುರಪ್ಪನ ತೊಡೆಯ ಮೇಲೆ ಬಿತ್ತು. ಗುರಪ್ಪ ಆಚೆ ಈಚೆ ನೋಡಿ ಅದನ್ನು ಟವೆಲ್ಲಿನಡಿ ಸೇರಿಸಿದ. ದುರಗವ್ವಜ್ಜಿ ಸೀರೆಯ ಸೆರಗಿನ ಗಂಟು ಬಿಚ್ಚಿ ಗುರೆಳ್ಳು ಚಟ್ನಿಯ ಪೊಟ್ಟಣ ತೆಗೆದಳು. ಆಚೆಯ ಸಾಲಿನವನ ಚೀಲದಿಂದ ಒಂದು ಉಳ್ಳಾಗಡ್ಡಿ ಹೊರಬಂತು. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಬಂದ ಜನ ಪಕ್ಷದ ಮೇಲೆ ಎಂಥ ನಂಬಿಕೆ ಇಟ್ಟಿದ್ದರು ಎಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ.

ಎರಡು ಗಂಟೆಗೆ ಹಿಂದಿನ ಸಾಲುಗಳು ಎದ್ದವು. ಗೇಟಿನ ಹತ್ತಿರ ಟ್ರ್ಯಾಕ್ಟರೊಂದು ಗುಡುಗುಡು ಎಂದಿತು. ಚಂಬಣ್ಣನ ಎದೆಯೂ ಹಾಗೆಯೇ ಎಂದಿತು.

"ಯಾರೂ ಏಳಬ್ಯಾಡ್ರಿ. ಸಾಹೇಬ್ರು ದಾರ್‍ಯಾಗ ಅದಾರ."

ಹೊಳೆವ್ವ ವೇದಿಕೆಯ ಬುಡಕ್ಕೆ ಬಂದು ನಿಂತಳು. "ಚಂಬ್ಯಾ, ಕೀಲಿ ಕೊಡು."

"ಕೊಡಂಗಿಲ್ಲ."

"ಹಂಗಾದ್ರ ಹಾರ ಇಳಸು."

"ಹಾರ ಹೋದ್ರ ನನ್ನ ಮಾನ ಹೋತು."

"ಜನ ಹೋದ್ರ?"

ಚಂಬಣ್ಣ ಹಾರ ನೋಡಿದ, ಗೇಟು ನೋಡಿದ. ಜನ ಎಲ್ಲಿ ಕುಳಿತಿರುತ್ತಾರೋ ಟಿಕೆಟ್ ಅಲ್ಲಿ. ಹಾರ ಎಲ್ಲಿ ಎಂದು ಸಾಹೇಬರು ಹೇಳಿರಲಿಲ್ಲ. "ಮೌಲಾಲಿ, ಒಂದು ಮಾರು ಇಳಸು" ಎಂದು ಕ್ರೇನಿನವನಿಗೆ ಕೂಗಿದ. "ಒಂದ ಮಾರು ಮತ್ತ. ಕುಂತವ್ರಿಗೆ ಅಷ್ಟ ರೊಟ್ಟಿ. ನಿಂತವ್ರಿಗೆ ಇಲ್ಲ."

ಎದ್ದವರೆಲ್ಲ ಕುಳಿತರು. ಅಷ್ಟು ಶಿಸ್ತಿನ ಜನಸ್ತೋಮವನ್ನು ಹಿರೇಕೊಪ್ಪ ಹಿಂದೆಂದೂ ಕಂಡಿರಲಿಲ್ಲ.

ಅರ್ಧ ತಾಸಿಗೊಂದು ಮಾರು ಹಾರ ಇಳಿಯಿತು. ಹೊಳೆವ್ವನೂ ಅವಳ ಹೆಂಗಸರೂ ರೊಟ್ಟಿ ಬಿಡಿಸಿ ಹಂಚಿದರು. ಸಾಲದಿದ್ದಲ್ಲಿ ಮುರಿದು ಅರ್ಧರ್ಧ ಮಾಡಿದರು. ಹೊಳೆವ್ವ ಬರೀ ಹಂಚುತ್ತಿರಲಿಲ್ಲ, ಬಾಯಿಯೂ ನಡೆದಿತ್ತು. "ಗುರಪ್ಪಾ, ನಿನಗ ಹಲ್ಲಿಲ್ಲ, ನೀರಾಗ ಅದ್ದಿ ತಿನ್ನು. ಟವೆಲ್ಲಿನ್ಯಾಗ ಇದ್ದದ್ದನ್ನ ಮೊದ್ಲ ಮುಗಸು. ಏ ಕಲ್ಲಪ್ಪನ ಸೊಸಿ, ನೀ ಎರಡು ತಗೋ, ನೀವಿಬ್ರು ಅದೀರಿ. ದುರಗವ್ವಾ, ಆ ಚಟ್ನಿ ಒಬ್ಬಾಕಿನ ತಿಂದು ಎಲ್ಲಿಗೆ ಹೊಂಟಿ, ಆಚೆ ಕಡೆ ದಾಟಿಸು." ಮೌಲಾಲಿಯೂ ಕ್ರೇನಿನಿಂದ ತಲೆ ಹೊರಹಾಕಿ, "ಹೊಳೆವ್ವಕ್ಕಾ, ಇಳಸೋನ ಹೊಟ್ಟಿನೂ ನೋಡ್ರಿ" ಅಂದ. ಅವನಿಗೂ ಎರಡು ಹೋದವು.

ಚಂಬಣ್ಣ ಮಾತ್ರ ವೇದಿಕೆಯ ಮೇಲೆ ನಿಂತು, ತನ್ನ ಮಾನ ಮಾರು ಮಾರಾಗಿ ಇಳಿಯುವುದನ್ನು ನೋಡುತ್ತಿದ್ದ. ಅವನು ಬೆಳಿಗ್ಗೆಯಿಂದ ಒಂದು ಲೋಟ ಚಹ ಕುಡಿದಿದ್ದ, ಅಷ್ಟೇ.

ನಾಲ್ಕೂಕಾಲಿಗೆ ಸಾಹೇಬರ ಕಾರುಗಳು ಬಂದವು. ಆ ಹೊತ್ತಿಗೆ ಹಾರದಲ್ಲಿ ಉಳಿದದ್ದು ಮೂವತ್ತು ಅಡಿ ಹಗ್ಗ ಮತ್ತು ಒಂದು ರೊಟ್ಟಿ.

ಜಾಗೀರದಾರ ಸಾಹೇಬರು ಇಳಿದರು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬಾವು. ಮಾಳಗಟ್ಟಿಯಲ್ಲಿ ಹಾರ ಅವರ ತಲೆಯ ಮೇಲೆ ಬರುವ ಮೊದಲೇ ಜನ ನುಗ್ಗಿ ಸೇಬು ಕಿತ್ತಿದ್ದರು. ಎರಡು ನಿಮಿಷದಲ್ಲಿ ಸೇಬೂ ಇಲ್ಲ, ಜನವೂ ಇಲ್ಲ. ಒಂದು ಸೇಬು ಮಾತ್ರ ಸಾಹೇಬರ ಪಾಲಿಗೆ ಬಂದಿತ್ತು, ಹಣೆಯ ಮೇಲೆ. ಮತ್ತೆ ಜನ ಸೇರಿಸುತ್ತೇನೆ ಎಂದು ಪಂಪಣ್ಣ ಮೂರು ತಾಸು ಕಾಯಿಸಿ, ಕೊನೆಗೆ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿಸಿದ್ದ. ಈ ಗಡಿಬಿಡಿಯಲ್ಲಿ ಸಾಹೇಬರಿಗೆ ಊಟವೂ ಆಗಿರಲಿಲ್ಲ.

ಹಾಗೆ ಬಂದವರು ಇಲ್ಲಿ ನೋಡಿದರೆ ಬಯಲು ತುಂಬ ಜನ. ಕುಳಿತಿದ್ದಾರೆ. ಬಾಯಿ ಆಡುತ್ತಿವೆ. ಸಾಹೇಬರ ಕಣ್ಣು ತೇವವಾಯಿತು.

ಸಾಹೇಬರು ವೇದಿಕೆ ಹತ್ತಿ ಮೈಕಿನೆದುರು ನಿಂತರು, ಕ್ರೇನು ಮುಂದೆ ಬಂತು. ಹಗ್ಗ ಸಾಹೇಬರ ಕೊರಳಿಗೆ ಇಳಿಯಿತು, ಆ ಒಂದು ರೊಟ್ಟಿ ಅವರ ಹೊಟ್ಟೆಯ ಮೇಲೆ ಪದಕದಂತೆ ಕುಳಿತುಕೊಂಡಿತು. ಪತ್ರಿಕೆಯವರು ಫೋಟೊ ತೆಗೆಯಲೋ ಬೇಡವೋ ಎಂದು ಮುಖ ಮುಖ ನೋಡಿಕೊಂಡರು. ಸಾಹೇಬರು ಕೆಳಗೆ ನೋಡಿದರು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಆ ಕಟಕ್ ಎಂಬ ಸದ್ದು ಮೈಕಿನಲ್ಲಿ ಇಡೀ ಬಯಲಿಗೆ ಕೇಳಿಸಿತು.

"ಭಾಳ ಚಲೋ ಐತಿ" ಅಂದರು ಸಾಹೇಬರು. "ಇದನ್ನ ಮಾಡಿದವ್ರು ಯಾರು?"

"ಹೊಳೆವ್ವ" ಎಂದಿತು ಬಯಲು.

"ಆರು ತಾಸು ನಿಮ್ಮನ್ನ ಹಿಂಗ ಕುಂಡರಿಸಿದವ್ರು ಯಾರು?"

ಚಂಬಣ್ಣ ಒಂದು ಹೆಜ್ಜೆ ಮುಂದೆ ಬಂದು ಗಂಟಲು ಸರಿಮಾಡಿಕೊಂಡ. ಸಾಹೇಬರು ಕೊರಳಿನ ಹಗ್ಗ ತೆಗೆದು, ಹಿಡಿದುಕೊಳ್ಳಲು ಅವನ ಕೈಗೆ ಕೊಟ್ಟರು.

"ಹೊಳೆವ್ವ" ಎಂದಿತು ಬಯಲು, ಇನ್ನೂ ಜೋರಾಗಿ.

"ಹಂಗಾದ್ರ ಕೇಳ್ರಿ. ಈ ಕ್ಷೇತ್ರಕ್ಕ ನಮ್ಮ ಪಕ್ಷದ ಅಭ್ಯರ್ಥಿ..."

ಚಂಬಣ್ಣ ಕಣ್ಣು ಮುಚ್ಚಿದ. ಹಗ್ಗದ ಸಮೇತ ಕೈ ಮುಗಿದ, ಹೂವಿನ ಹಾರಕ್ಕೆಂದು ತಲೆ ಬಾಗಿಸಿದ.

"...ಹೊಳೆವ್ವ ತಾಯಿ."

ಬಾಗಿದ ತಲೆ ಬಾಗಿದಂತೆಯೇ ಇತ್ತು. ಎತ್ತಿದರೆ ಜನ ಮುಖ ನೋಡುತ್ತಾರೆ. ಅವನ ಹೊಟ್ಟೆ ಉರಿಯುತ್ತಿತ್ತು. ಹಸಿವೆಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಯಾವುದು ಎಷ್ಟು ಎಂದು ನೋಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಪಂಪಣ್ಣನಿಗೆ ಸಿಕ್ಕಿದ್ದರೆ ಊರ ನಡುವೆ ನಿಂತು ಬೈಯಬಹುದಿತ್ತು. ಅಕ್ಕನನ್ನು ಹೇಗೆ ಬೈಯುವುದು?

ಹೊಳೆವ್ವ ರೊಟ್ಟಿಯ ಪುಡಿ ಹತ್ತಿದ ಕೈ ಸೆರಗಿಗೆ ಒರೆಸಿಕೊಳ್ಳುತ್ತ ವೇದಿಕೆ ಹತ್ತಿದಳು. "ನಾ ಎದಕ್ಕ್ರಿ? ನಮ್ಮ ತಮ್ಮ ಅದಾನಲ್ಲ. ಇಪ್ಪತ್ತೆರಡು ವರ್ಸ ದುಡದಾನ."

"ಜನ ನಿಮ್ಮ ಹೆಸರು ಹೇಳಾಕತ್ತಾರವ್ವ. ನಾ ಏನು ಮಾಡ್ಲಿ?" ಅಂದರು ಸಾಹೇಬರು ರೊಟ್ಟಿ ಅಗಿಯುತ್ತ.

ಜೈ ಬೀಳಬೇಕಿತ್ತು. ಬೀಳಲಿಲ್ಲ. ಇಪ್ಪತ್ತೆರಡು ವರ್ಷ ಆ ಊರಿನಲ್ಲಿ ಜೈ ಎತ್ತಿಕೊಟ್ಟವನು ಒಬ್ಬನೇ, ಹಾಗಾಗಿ ಇಡೀ ಬಯಲು ಅವನ ಕಡೆ ನೋಡಿ ಕಾಯುತ್ತ ಕುಳಿತಿತು. ಹೊಳೆವ್ವ ಆ ಮೌನದಲ್ಲಿ ಮೈಕು ತೆಗೆದುಕೊಂಡಳು.

"ನನಗ ಭಾಷಣ ಬರಂಗಿಲ್ಲ. ಮೊದ್ಲ ಎಲ್ಲಾರೂ ಊಟ ಮಾಡ್ರಿ. ಚಂಬ್ಯಾ, ಕೀಲಿ."

ಚಂಬಣ್ಣ ಸಾವಿರಾರು ಜನರ ಎದುರು ಜುಬ್ಬಾ ಎತ್ತಿ ಉಡದಾರ ಹುಡುಕಿದ. ಗಂಟು ಬೆವರಿಗೆ ಬಿಗಿದುಕೊಂಡಿತ್ತು. ಜಾಗೀರದಾರ ಸಾಹೇಬರೇ ಬಗ್ಗಿ ಬಿಡಿಸಿಕೊಟ್ಟರು. ಪತ್ರಿಕೆಯವರು ಆ ಫೋಟೊ ಮಾತ್ರ ತಪ್ಪದೆ ತೆಗೆದರು.

ಬೀಗ ತೆರೆಯಿತು. ಬಯಲು ಖಾಲಿಯಾಯಿತು. ಸಾಹೇಬರೂ ಭಾಷಣದ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ಸಾಲಿನಲ್ಲಿ ನಿಲ್ಲಲು ಹೋದರು.

ಚಂಬಣ್ಣ ವೇದಿಕೆಯ ಅಂಚಿನಲ್ಲಿ ಕುಳಿತು ಖಾಲಿ ಕುರ್ಚಿಗಳನ್ನು ನೋಡಿದ. ಇನ್ನು ಯಾರೂ ಬರುವುದಿಲ್ಲ. ಬರಬಾರದು ಎಂದೇ ಅವನ ಆಸೆ, ಸುಳ್ಳು ಯಾಕೆ ಹೇಳಬೇಕು. ಟಿಕೆಟ್ ಹೋಯಿತು, ಉಂಡವ ನಿಲ್ಲುವುದಿಲ್ಲ ಎಂಬ ಒಂದು ಮಾತಾದರೂ ತನ್ನದಾಗಿ ಉಳಿಯಲಿ.

ಗೋದಾಮಿನ ಮೂಲೆಯಿಂದ ಮೊದಲು ಗುರಪ್ಪ ಬಂದ. ತಟ್ಟೆ ಹಿಡಿದುಕೊಂಡೇ ಬಂದು ಮುಂದಿನ ಸಾಲಿನ ತನ್ನ ಕುರ್ಚಿಯಲ್ಲೇ ಕುಳಿತ. ಅವನ ಹಿಂದೆ ದುರಗವ್ವಜ್ಜಿ, ಕಲ್ಲಪ್ಪನ ಸೊಸೆ, ಆಮೇಲೆ ಹತ್ತು ಜನ, ಆಮೇಲೆ ನೂರು. ಗೇಟಿನ ಟ್ರ್ಯಾಕ್ಟರಿನವರೂ ಎಂಜಿನ್ ಆರಿಸಿ ಒಳಗೆ ಬಂದರು. "ಹೊಳೆವ್ವ ಏನರ ಮಾತಾಡ್ತಾಳಂತ?" ಎಂದು ಯಾರೋ ಕೇಳಿದರು. "ಬರಂಗಿಲ್ಲ ಅಂದ್ಲಲ್ಲ. ಆದ್ರೂ ಕುಂಡ್ರೋಣ" ಅಂದರು ಇನ್ಯಾರೋ.

ಹೊಳೆವ್ವ ಎರಡು ತಟ್ಟೆ ಹಿಡಿದು ಬಂದು ಒಂದನ್ನು ತಮ್ಮನ ತೊಡೆಯ ಮೇಲಿಟ್ಟಳು. ಪಲಾವಿನ ಮೇಲೆ ಅರ್ಧ ರೊಟ್ಟಿ ಇತ್ತು. ಸಾಹೇಬರು ತಿಂದು ಬಿಟ್ಟ ಅರ್ಧವೋ ಏನೋ, ಅವನು ಕೇಳಲಿಲ್ಲ.

"ಉಣ್ಣು. ಆಮ್ಯಾಲ ಸಿಟ್ಟು ಮಾಡು."

"ನನ್ನ ಮಾರಿದು ಇಪ್ಪತ್ತು ಫ್ಲೆಕ್ಸ್ ಮಾಡಿಸಿ ಇಟ್ಟೀನಿ, ಅಕ್ಕಾ. ಏನು ಮಾಡ್ಲಿ ಅವನ್ನ?"

"ಒಂದೂ ಕೆಡಸಬ್ಯಾಡ. ನಾಳಿಂದ ಫ್ಲೆಕ್ಸಿನ್ಯಾಗೆಲ್ಲ ನನ್ನ ಮಾರಿ ಬರ್ತದಂತ. ನನ್ನ ಮಾರಿ ಮ್ಯಾಲ ನಾನ ರೊಟ್ಟಿ ಒಣಗಸಾಕ ಆಗ್ತದೇನು?"

ನಗಬಾರದೆಂದು ಚಂಬಣ್ಣ ಬಾಯಿಗೆ ದೊಡ್ಡ ತುತ್ತು ಇಟ್ಟುಕೊಂಡ. ತುತ್ತಿನ ಸಮೇತ ನಗು ಬಂತು, ಕಣ್ಣಿನಲ್ಲಿ ನೀರೂ ಬಂತು. ಎದುರಿಗೆ ಕುರ್ಚಿಗಳು ಮುಗಿದು, ತಟ್ಟೆ ಹಿಡಿದ ಜನ ನಿಂತುಕೊಂಡು ಜಾಗ ಹುಡುಕುತ್ತಿದ್ದರು. ಅವನು ಎದ್ದು ಮೈಕಿನ ಹತ್ತಿರ ಹೋದ.

"ಹೊಳೆವ್ವಗ..." ಎಂದ, ತುತ್ತು ನುಂಗಿ. ಬಯಲೆಲ್ಲ ಜೈ ಎಂದಿತು.

"ಆತು. ಈಗ ಸ್ವಲ್ಪ ಮುಂದ ಸರಕೊಂಡು ಕುಂಡ್ರಿ, ಹಿಂದ ನಿಂತವ್ರಿಗೂ ಜಾಗ ಆಗ್ಲಿ" ಎಂದು ಹೇಳಿ, ವೇದಿಕೆಯ ಮೇಲಿನ ತನ್ನ ಕುರ್ಚಿಯನ್ನು ಕೆಳಗಿಳಿಸಿ ಕೊಟ್ಟ.