ಪಾಲಕ್ ಬ್ಯಾಟರಿಯ ಪರೀಕ್ಷೆ

ದೆಹಲಿಯ ಪ್ರಯೋಗಾಲಯದಲ್ಲಿ ಮೂರು ವರ್ಷ ಪಾಲಕ್ ಸೊಪ್ಪು ರುಬ್ಬಿ ರುಬ್ಬಿ, ವೈಜಯಂತಿ ಕೊನೆಗೂ ಒಂದು ಬ್ಯಾಟರಿ ಮಾಡಿದ್ದಳು. ಸೊಪ್ಪಿನ ನಾರಿನ ಹಾಳೆ, ನಡುವೆ ಇದ್ದಿಲ ಪುಡಿ, ಉಪ್ಪುನೀರು. ಅಂಗೈಯಗಲದ ಆ ಹಸಿರು ಹಾಳೆಯನ್ನು ಚಾರ್ಜ್ ಮಾಡಬಹುದು, ಕರ್ಚೀಫಿನ ಹಾಗೆ ಮಡಿಚಬಹುದು. ಮಡಿಚಿದರೂ ಕರೆಂಟ್ ಬರುತ್ತದೆಂದು ಪರೀಕ್ಷೆಗೆಂದು ಮೈಸೂರಿನಿಂದ ಬಂದ ಕಮಿಟಿಯ ಪ್ರೊಫೆಸರ್ ನಾರಾಯಣಸ್ವಾಮಿ ಒಪ್ಪಿದರೆ ಫೆಲೋಶಿಪ್ ಇನ್ನೊಂದು ವರ್ಷ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಅವರೋ, ದೇವರೇ ಎದುರು ಬಂದರೂ ಸಾಕ್ಷಿ ಕೇಳುವವರು. "ಮಡಿಚಿದ್ರೆ ಸತ್ತೇ ಹೋಗುತ್ತಮ್ಮಾ ಇದು," ಅಂದುಬಿಟ್ಟರು. ಅಳೆದು ತೋರಿಸೋಣವೆಂದರೆ ಮೀಟರ್ ಆನ್ ಆಗಲೇ ಇಲ್ಲ. ಅದರೊಳಗಿನ ಸೆಲ್ಲೇ ಮುಗಿದಿತ್ತು! ಬ್ಯಾಟರಿ ಮಾಡುವವರ ಮನೆಯಲ್ಲಿ ಸೆಲ್ಲಿಗೆ ಗತಿಯಿಲ್ಲ, ನೋಡಿ. ಜೊತೆಗಾರ ಸುಹಾಸ್ ದೆಹಲಿಯಲ್ಲೇ ಬೆಳೆದವನು. "ಅಭೀ ತರ್ತೀನಿ, ದೋ ಮಿನಿಟ್" ಎಂದು ಓಡಿದವನು ಓಡಿದ್ದೇ.

ಅಷ್ಟರಲ್ಲಿ ಊಟದ ಹೊತ್ತಾಯಿತು. ಕರೋಲ್ ಬಾಗ್‌ನಿಂದ ತರಿಸಿದ ಬಿಸಿಬೇಳೆಬಾತನ್ನು ಪ್ರೊಫೆಸರ್ ಚಪ್ಪರಿಸಿ ತಿಂದರು. ಊರಿನ ಹಿರಿಯರಿಗೆ ಊಟವಾದ ಮೇಲೆ ಎಲೆಅಡಿಕೆ ಇಡದಿದ್ದರೆ ಆದೀತೇ? ಆ ತಟ್ಟೆಯನ್ನು ಚಾರ್ಜ್ ಮಾಡಿಟ್ಟ ಬ್ಯಾಟರಿಯ ಪಕ್ಕದಲ್ಲೇ ಇಟ್ಟು ಕೈತೊಳೆಯಲು ಹೋದಳು, ಪುಣ್ಯಾತ್ಗಿತ್ತಿ.

ಬಂದು ನೋಡುತ್ತಾಳೆ, ಅಯ್ಯೋ ಶಿವನೇ! ಪ್ರೊಫೆಸರ್ ಪೇಪರ್ ಓದುತ್ತಾ ಬ್ಯಾಟರಿಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು, ನಾಲ್ಕು ಮಡಿಕೆ ಮಡಿಚಿ ಲವಂಗ ಚುಚ್ಚುತ್ತಿದ್ದಾರೆ.

"ಡೆಲ್ಲಿಯಲ್ಲೂ ಇಂಥ ಎಳೇ ಎಲೆ ಸಿಗುತ್ತೇನಮ್ಮಾ? ಕೀಳೋಣ ಅಂದ್ರೆ ಒಂದು ನಾರಿಲ್ಲ!"

"ಸರ್, ಅದು..." ಎನ್ನುವಷ್ಟರಲ್ಲಿ ಬಾಯೊಳಗೆ ಹೋಯಿತು.

"ಅಯ್ಯಯ್ಯಪ್ಪಾ!" ಪ್ರೊಫೆಸರ್ ಕುರ್ಚಿಯಿಂದ ಚಂಗನೆ ಎದ್ದರು. ಬೀಡಾ ಅಂಗೈಗೆ ಬಿತ್ತು. ಮೂರು ವರ್ಷದ ದುಡಿಮೆ ಎಂಜಲಾಯಿತಲ್ಲ ಎಂದು ವೈಜಯಂತಿಗೆ ಅಳುವೇ ಬಂತು.

"ತಪ್ಪಾಯ್ತು ಸರ್, ಅದೇ ನನ್ನ ಬ್ಯಾಟರಿ!"

ಪ್ರೊಫೆಸರ್ ಅವಳನ್ನು ದುರುಗುಟ್ಟಿ ನೋಡಿದರು. ಬೀಡಾವನ್ನು ನೋಡಿದರು. ಮೆಲ್ಲಗೆ ನಾಲಿಗೆ ಚಾಚಿ ಮತ್ತೊಮ್ಮೆ ಮುಟ್ಟಿಸಿ, ಬೆಚ್ಚಿಬಿದ್ದರು.

"ನಾಲ್ಕು ಮಡಿಕೆ ಮಾಡಿದೀನಿ. ಲವಂಗ ಚುಚ್ಚಿದೀನಿ. ಹಲ್ಲಲ್ಲಿ ಕಚ್ಚಿದೀನಿ. ಆದ್ರೂ ಕರೆಂಟ್ ಚುರ್ ಅಂತಿದೆಯಲ್ಲಮ್ಮಾ!"

"ಅದನ್ನೇ ಸರ್ ಬೆಳಗ್ಗೆಯಿಂದ ಬಡ್ಕೋತಿರೋದು!"

ಮಾತು ಜಾರಿತೆಂದು ವೈಜಯಂತಿ ನಾಲಿಗೆ ಕಚ್ಚಿಕೊಂಡಳು. ಅವರು ಮಾತ್ರ ಶಾಂತವಾಗಿ ಬಾಯಿ ಒರೆಸಿಕೊಂಡರು.

"ನಾನು ಒಪ್ಪಿದೆ. ಆದ್ರೆ ನನ್ನೊಬ್ಬನ ನಾಲಿಗೆ ನಂಬಿ ಒಂದು ವರ್ಷ ಕೊಡೋದು ಹೇಗೆ? ಕಮಿಟಿಯಲ್ಲಿ ಇನ್ನಿಬ್ಬರಿದ್ದಾರೆ, ನಾಳೆ ಬರ್ತಾರೆ. ಇನ್ನೆರಡು ಬೀಡಾ ಕಟ್ಟಿಡು."