ಬದುವಿನ ಮಣ್ಣು

ಬೇಸಿಗೆ ಮುಗಿಯುತ್ತ ಬಂದಿತ್ತು. ಮೋಡ ದಿನವೂ ಮುಖ ತೋರಿಸಿ ಹೋಗುತ್ತಿತ್ತು. ಗೋಡೌನಿನ ವ್ಯಾಗನ್ನುಗಳು ನಿಲ್ಲಲೆಂದು ಕವಲು ಹಳಿ ಹಾಕಬೇಕಿದ್ದ ಜೌಗಿನಲ್ಲಿ ಎಂಜಿನಿಯರಮ್ಮ ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರಕ್ಕೆ ಕಣ್ಣಿಟ್ಟು ನಿಂತಿದ್ದಳು.

ಅಲ್ಲಿನ ನೆಲ ಮೇಲೆ ಗಟ್ಟಿ, ಒಳಗೆಲ್ಲ ಕಲಸಿದ ಹಿಟ್ಟಿನಂಥ ಜೇಡಿ. ಮೊದಲು ಮಣ್ಣಿನ ರಾಶಿ ಹೇರಿ, ಜೇಡಿಯೊಳಗಿನ ನೀರು ಹಿಂಡಿಹೋಗುವ ತನಕ ಕಾಯಬೇಕು. ಕುಸಿಯುವುದೆಲ್ಲ ಕುಸಿದ ಮೇಲೆ ರಾಶಿ ತೆಗೆದು ಹಳಿ ಹಾಕುವುದು. ಕೊನೆಯ ಭಾಗಕ್ಕೆ ಮಣ್ಣು ಕಡಿಮೆ ಬಿದ್ದಾಗ ಅವಳು ಪಕ್ಕದ ಹೊಲದವನೇ ಆದ ತನ್ನ ಅಕ್ಕನ ಗಂಡ, ಭಾವನಿಂದ ಹಳ್ಳದ ಕಡೆಯ ಬದುವನ್ನೇ ಕೇಳಿ ತಂದಿದ್ದಳು. ಮಳೆಗೆ ಮುಂಚೆ ಅಷ್ಟನ್ನೂ ಹಿಂದಿರುಗಿಸುವೆನೆಂದು ಅಕ್ಕನೆದುರು ಮಾತು ಕೊಟ್ಟಿದ್ದಳು. ಬದುವಿಲ್ಲದಿದ್ದರೆ ಹಳ್ಳದ ನೀರು ಹೊಲಕ್ಕೇ ನುಗ್ಗುತ್ತದೆ.

ಭಾವ ಗುದ್ದಲಿ ಹೊತ್ತು ಬಂದ. "ಏನಮ್ಮ ನಾದಿನಿ, ನನ್ನ ಬದು ಇನ್ನೂ ಎದ್ದಿಲ್ವಾ?"

"ಕೂದಲೆಳೆಯಷ್ಟು ಇಳೀತಾನೇ ಇದೆ ಭಾವ. ಈಗ ಎತ್ತಿದ್ರೆ ನಾಳೆ ಹಳಿ ಸಮೇತ ವ್ಯಾಗನ್ ಹೂತ್ಕೊಳ್ಳುತ್ತೆ."

"ಇದನ್ನೆಲ್ಲ ಮೋಡಕ್ಕೂ ಒಂದ್ಸಲ ಹೇಳ್ಬಿಡು."

ಅವಳಿಗೆ ನಗು ಬರಲಿಲ್ಲ.

ಕೊನೆಗೊಂದು ವಾರ, ಕುಸಿತ ಅಳೆಯಲೆಂದು ರಾಶಿಯ ತಳದಲ್ಲಿ ನೆಟ್ಟಿದ್ದ ಕಬ್ಬಿಣದ ಕಂಬಿ ಬೆಳಗಾದರೂ ಬೈಗಾದರೂ ಒಂದೇ ಅಂಕೆ ತೋರಿಸಿತು. ಅವಳು ಕೂಡಲೇ ಟ್ರ್ಯಾಕ್ಟರ್ ಕರೆಸಿ ರಾಶಿಯ ಮಣ್ಣನ್ನು ಹೊಲಕ್ಕೆ ಸಾಗಿಸಿದಳು. ಬದು ಮತ್ತೆ ಎದ್ದು ಬಂತು. ಹಳ್ಳದ ತಿರುವಿನಲ್ಲಿ ಬಂಡಿ ಹಾಯುವಷ್ಟು ಬಾಯಿ ಉಳಿದಿರುವಾಗಲೇ ಮಣ್ಣು ಮುಗಿಯಿತು.

ನೆಲ ಎಷ್ಟು ಕುಸಿಯುತ್ತದೆಂದು ನಕ್ಷೆಯಲ್ಲಿ ಬರೆದವಳು ಅವಳೇ. ಆ ತಗ್ಗು ತುಂಬಿದ ಮಣ್ಣು ಅಲ್ಲೇ ಉಳಿಯುತ್ತದೆಂಬುದು ಮಾತು ಕೊಡುವಾಗ ಹೊಳೆದಿರಲಿಲ್ಲ.

"ನಿಮ್ಮ ಮಣ್ಣನ್ನ ನೆಲ ನುಂಗಿದೆ ಭಾವ. ಲೆಕ್ಕ ಹಾಕಿದ್ದೂ ನಾನೇ, ಕಳೆಯೋದು ಮರೆತಿದ್ದೂ ನಾನೇ."

ಭಾವ ಬಾಯಿಬಿಟ್ಟ ಬದುವನ್ನೂ ಕಪ್ಪಾಗುತ್ತಿದ್ದ ಆಕಾಶವನ್ನೂ ನೋಡಿದ. "ನಿನ್ನ ಅಕ್ಕನೂ ಹೀಗೇ. ಊಟಕ್ಕೆ ಮನೆಯವರನ್ನೆಲ್ಲ ಎಣಿಸಿ ತನ್ನ ತಟ್ಟೆ ಮರೀತಾಳೆ. ಖಾಲಿ ಚೀಲ ಇದ್ರೆ ತಗೊಂಡು ಬಾ."

ಗೋಡೌನಿನಿಂದ ಚೀಲ ಬಂದವು. ಅಕ್ಕ ಚೀಲದ ಬಾಯಿ ಹಿಡಿದಳು, ಭಾವ ಹಳ್ಳದ ಮರಳು ತುಂಬಿದ, ಎಂಜಿನಿಯರಮ್ಮ ಇಟ್ಟಿಗೆ ಜೋಡಿಸಿದಂತೆ ಒಂದರ ಮೇಲೊಂದು ಪೇರಿಸಿದಳು. ಕೊನೆಯ ಚೀಲ ಕೂರುವಾಗ ಹನಿ ಬಿತ್ತು.

ಬೆಳಗ್ಗೆ ಹಳ್ಳ ಕೆಂಪಗೆ ಉಕ್ಕಿ ಬಂದು, ಚೀಲಗಳಿಗೆ ತಾಗಿ, ತಿರುಗಿ ತನ್ನ ದಾರಿ ಹಿಡಿಯಿತು.

"ಮುಂದಿನ ಬೇಸಿಗೆಗೆ ಉಳಿದ ಮಣ್ಣು ತಂದ್ಹಾಕ್ತೀನಿ," ಎಂದಳು ಎಂಜಿನಿಯರಮ್ಮ.

"ಬೇಡ, ಆ ಬಾಕಿ ಹಾಗೇ ಇರ್ಲಿ. ವ್ಯಾಗನ್ ನಿಂತಾಗೆಲ್ಲ, ಅದರ ಕೆಳಗಿರೋದು ನನ್ನ ಮಣ್ಣು ಅಂತ ಹೇಳ್ಕೋಬಹುದು."

"ಮುಗೀತು," ಎಂದಳು ಅಕ್ಕ. "ಇನ್ನು ಈ ದಾರೀಲಿ ಹೋಗೋರೆಲ್ಲ ಇದನ್ನ ಕೇಳ್ಲೇಬೇಕು, ಅವರ ಗತಿ ಅಷ್ಟೇ."